ಹಲಗೆಗಿಂತ ಉದ್ದದ ಅಣ್ಣ

ದೇವರು ಮನುಷ್ಯನಿಗೆ ಕಾಲು ಕೊಟ್ಟದ್ದೇ ತಪ್ಪು ಎಂದು ವಾದಿಸಿದವನು ಈ ಭೂಮಿಯ ಮೇಲೆ ಒಬ್ಬನೇ ಇದ್ದಿರಬೇಕು. ಆತ ನನ್ನ ಒಡಹುಟ್ಟಿದ ಅಣ್ಣ! ಅವನ ಎರಡೂ ಕಾಲು ಗಟ್ಟಿಮುಟ್ಟಾಗಿದ್ದವು. ಅದೇ ಅವನ ತಕರಾರು.

ಎಪ್ಪತ್ತರ ದಶಕದ ಕೊನೆಯ ಮಾತು. ಅಪ್ಪ ನನ್ನನ್ನು ವಿರೂಪಾಪುರಗಡ್ಡೆಗೆ ಕೊಟ್ಟಿದ್ದರು. ಭತ್ತದ ಗದ್ದೆ, ಒಳ್ಳೆಯ ಅತ್ತೆ, ಕುಡಿಯದ ಗಂಡ. ಹನುಮಪ್ಪನ ದಯೆಯಿಂದ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಸುತ್ತಲೂ ಹೊಳೆ. ಮದುವೆಯಾದ ಮೊದಲ ನಾಗರಪಂಚಮಿಗೆ ಅಣ್ಣ ಎಳ್ಳು-ಶೇಂಗಾದ ಉಂಡಿ ಕಟ್ಟಿಕೊಂಡು ತವರಿಗೆ ಕರೆಯಲು ಬಂದರೆ, ಡ್ಯಾಮಿನ ನೀರು ಬಿಟ್ಟು ಹರಗೋಲು ನಿಂತಿತ್ತು. ಆ ದಡದಲ್ಲಿ ಅವನು, ಈ ದಡದಲ್ಲಿ ನಾನು. ಸಂಜೆಯವರೆಗೆ ಇಬ್ಬರೂ ಅತ್ತೆವು. ಮರುವಾರ ಅವನ ಕಾಗದ ಬಂತು: "ಬರೋ ಪಂಚಮಿಗೆ ಹರಗೋಲು ಇರಲಿ ಬಿಡಲಿ, ನಿನ್ನ ಕೈಯಾಗ ಉಂಡಿ ಕೊಟ್ಟಽ ಕೊಡ್ತೀನಿ."

ಆ ಚಳಿಗಾಲ ಹಂಪಿಯ ಕಡೆ ಹೊಳೆಯಲ್ಲಿ ಒಬ್ಬ ಹಿಪ್ಪಿ ಹಲಗೆಯ ಮೇಲೆ ಬೋರಲು ಮಲಗಿ, ಎರಡೂ ಕೈಯಿಂದ ನೀರು ಎಳೆಯುತ್ತ ಸಾಗುವುದನ್ನು ಅಣ್ಣ ಕಂಡ. ಅವರ ದೇಶದಲ್ಲಿ ಸಮುದ್ರದ ಅಲೆಯ ಮೇಲೆ ಹೀಗೆ ಆಡುತ್ತಾರಂತೆ. ಅಷ್ಟೇ ಸಾಕಾಯಿತು. ಊರಿಗೆ ಬಂದವನೇ ದನದ ಕೊಟ್ಟಿಗೆಯ ಬಾಗಿಲು ಕಿತ್ತು ಅರ್ಧಕ್ಕೆ ಕೊಯ್ದ. ಅರ್ಧ ಯಾಕೆ? ಬಸ್ಸಿನಲ್ಲಿ ಹಿಡಿಯಬೇಕಲ್ಲ!

ಪೀಕಲಾಟ ಶುರುವಾದದ್ದೇ ಅಲ್ಲಿ. ಅಣ್ಣ ಆರಡಿ, ಹಲಗೆ ಮೂರೂವರೆ. ಎದೆ, ಹೊಟ್ಟೆ, ತೊಡೆ ಹಲಗೆಯ ಮೇಲೆ; ಮಿಕ್ಕ ಅಣ್ಣ ನೀರಿನಲ್ಲಿ. ತವರಿನ ಹತ್ತಿರದ ಶ್ರೀರಾಮನಗರದ ಕಾಲುವೆಯಲ್ಲಿ ಅವನ ಕೈ ಮುಂದಕ್ಕೆ ಎಳೆದರೆ ಕಾಲು ಹಿಂದಕ್ಕೆ ಜಗ್ಗುತ್ತಿದ್ದವು. ಮುಂದೆ ಸರಿದು ಮಲಗಿದರೆ ಹಲಗೆಯ ಮೂತಿ ಮುಳುಗುವುದು, ಜೊತೆಗೆ ಅಣ್ಣನ ಮೂತಿಯೂ! ಹಿಂದೆ ಸರಿದರೆ ಹಲಗೆ ಹಟದ ಕುದುರೆಯಂತೆ ಮುಂಭಾಗ ಎತ್ತಿ ನಿಂತುಬಿಡುವುದು. ಬಟ್ಟೆ ಒಗೆಯುವ ಹೆಂಗಸರು ಬಿಟ್ಟಾರೆಯೇ?

"ಅಣ್ಣಾರ, ಈಜಾಕ ಬಂದೀರೋ, ಕಾಲು ನೆನಸಾಕ ಬಂದೀರೋ?"

"ಕಾಲಽ ಅಡ್ಡ ಬರ್ತಾವಬೇ! ಇವನ್ನ ಕೊಟ್ಟು ದೇವ್ರು ಮನಷ್ಯಾನ್ನ ಕೆಡಿಸ್ಯಾನ!"

"ಬಿಚ್ಚಿ ಇಲ್ಲೇ ಇಟ್ಟು ಹೋಗ್ರಿ, ನಾವು ಕಾಯ್ತೀವಿ!"

ಕಾಲುಗಳು ಕತ್ತರಿಯಂತೆ ಅಗಲುವುದರಿಂದಲೇ ನೀರು ಅವನ್ನು ಹಿಡಿದೆಳೆಯುತ್ತದೆ ಎಂದು ಅಣ್ಣನಿಗೆ ಹೊಳೆಯಿತು. ಒಂದು ಮಧ್ಯಾಹ್ನ ಸೆಣಬಿನ ಹುರಿಯಿಂದ ಕಾಲಿನ ಎರಡೂ ಹೆಬ್ಬೆರಳು ಜೋಡಿಸಿ ಕಟ್ಟಿಕೊಂಡು, ಪಡಸಾಲೆಯಲ್ಲಿ ಹಲಗೆಯ ಮೇಲೆ ಉಸಿರು ಬಿಗಿಹಿಡಿದು ಮಲಗಿದ. ನಮ್ಮಲ್ಲಿ ಹೆಬ್ಬೆರಳು ಕಟ್ಟುವುದು ಹೆಣಕ್ಕೆ ಮಾತ್ರ! ನೀರು ತಂದ ಅವನ ಹೆಂಡತಿ, ನಮ್ಮ ವೈನಿ, ಕೊಡ ಬಿಟ್ಟು ಚೀರಿದಳು. ಓಣಿಗೆ ಓಣಿಯೇ ನೆರೆಯಿತು. ಪಕ್ಕದ ಮನೆಯ ಮುದುಕಿ ಅವನ ಗುಣಗಳನ್ನು ಹಾಡಿ ಹಾಡಿ ಅಳತೊಡಗಿದಳು. ಅಣ್ಣ ಮೆಲ್ಲಗೆ ತಲೆ ಎತ್ತಿದ.

"ಗದ್ಲ ಮಾಡಬ್ಯಾಡ್ರಿ. ಕಾಲು ಸಮ ಅದಾವೇನು, ಅಷ್ಟು ನೋಡಿ ಹೇಳ್ರಿ."

ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು ಸಿಡುಕಿದಳು: "ಇಷ್ಟೊತ್ತು ಸುಳ್ಳು ಸುಳ್ಳು ಹೊಗಳಿಸ್ಕೊಂಡ್ಯಲ್ಲೋ, ಮೂಳಾ!"

ಈ ಸುದ್ದಿಗಳೆಲ್ಲ ಗಡ್ಡೆಗೆ ಬರುತ್ತಿದ್ದವು. ನಗುತ್ತಿದ್ದೆ, ನಗು ಮುಗಿಯುವ ಮೊದಲೇ ಹೆದರಿಕೆ. ಹೊಳೆಯೆಂದರೆ ಕಾಲುವೆಯೇ? ತುಂಬಿದ ಹೊಳೆಗೂ ಈ ಹಟಮಾರಿ ಇಳಿದೇ ಇಳಿಯುತ್ತಾನೆ. ದಿನಾ ಅಂಜನಾದ್ರಿ ಬೆಟ್ಟದ ಕಡೆ ಕೈಮುಗಿದೆ: "ಹನುಮಪ್ಪಾ, ಪಂಚಮಿ ದಾಟೂತನಕ ಹೊಳಿ ಬರಬಾರ್ದು."

ಅತ್ತೆ ಕೇಳಿಸಿಕೊಂಡರು. "ಯವ್ವಾ, ಊರ ಮಂದಿ ಮಳಿ ಬರಲೆಂತ ಹರಕಿ ಹೊತ್ತಾರ, ನೀ ಬ್ಯಾಡಂತ ಹೊತ್ತೀಯಲ್ಲ! ಹನುಮಪ್ಪ ಯಾರ ಮಾತು ಕೇಳಬೇಕು?"

"ಪಂಚಮಿ ಮರುದಿನ ಎಷ್ಟು ಬೇಕಾದ್ರೂ ಸುರೀಲಿ, ಅತ್ತಿ."

ಹನುಮಪ್ಪ ನನ್ನ ಮಾತನ್ನೇ ಕೇಳಿದ, ತುಸು ಹೆಚ್ಚಾಗಿಯೇ! ಮಳೆ ತಡವಾಗಿ, ಪಂಚಮಿಯ ದಿನ ನಮ್ಮ ಕಡೆಯ ಹೊಳೆಯಲ್ಲಿ ಬರೀ ಮೊಣಕಾಲುದ್ದ ನೀರು. ಮಂದಿ ಧೋತರ ಎತ್ತಿ ಹಿಡಿದು ನಡೆದೇ ದಾಟುತ್ತಿದ್ದರು. ಅವರ ನಡುವೆ ನಮ್ಮಣ್ಣ! ಹಲಗೆಯ ಮೇಲೆ ಬೋರಲು ಮಲಗಿ, ಗೊಬ್ಬರದ ಚೀಲದಲ್ಲಿ ಸುತ್ತಿದ ಉಂಡಿ ಗಂಟನ್ನು ತಲೆಗೆ ಬಿಗಿದು, ಎದೆ ಎತ್ತಿ ಕೈ ಆಡಿಸುತ್ತ ಬರುತ್ತಿದ್ದಾನೆ. ಕೈಗೆ ನೀರಿಗಿಂತ ಮರಳೇ ಹೆಚ್ಚು ಸಿಗುತ್ತಿತ್ತು. ಬುಟ್ಟಿ ಹೊತ್ತ ಹೆಂಗಸೊಬ್ಬಳು ಅವನನ್ನು ದಾಟಿ ಬಂದು, ದಡದಲ್ಲಿ ಕುಳಿತು ಎಲೆಅಡಿಕೆ ಹಾಕಿಕೊಂಡು ನೋಡತೊಡಗಿದಳು.

"ಎದ್ದು ನಿಂದ್ರೋ ತಮ್ಮಾ, ನಡಕೊಂತ ಬಾ!" ಎಂದು ಅತ್ತೆ ಕೂಗಿದರು.

"ಮಾತಾಡಿಸಬ್ಯಾಡ್ರಿ ಅತ್ತಿ, ತೂಕ ತಪ್ತೈತಿ!"

ಅಂತೂ ದಡ ಸೇರಿದ. "ಯಣ್ಣಾ, ಮೊಣಕಾಲುದ್ದ ನೀರಾಗ ಇದೆಂಥ ಹುಚ್ಚಾಟ?" ಎಂದೆ.

ಗಂಟನ್ನು ನನ್ನ ಕೈಗಿಟ್ಟ. "ಮುಂದಿನ ವರ್ಷ ಹೊಳಿ ತುಂಬಿದ್ರ? ರೂಢಿ ಇರಬೇಕಲ್ಲ, ತಂಗೆವ್ವ."

ನಗುತ್ತಲೇ ಟಾವೆಲ್ ಕೊಟ್ಟೆ. ಅವನು ಒದ್ದೆ ಅಂಗಿ ತೆಗೆದ. ಎದೆಯ ಮೇಲೆ, ಎರಡೂ ಪಕ್ಕೆಯ ಮೇಲೆ ಚರ್ಮ ಸುಲಿದು, ಮಾಗಿ, ಮತ್ತೆ ಸುಲಿದು ಕಪ್ಪಗೆ ದಡ್ಡುಗಟ್ಟಿತ್ತು. ಬಾಗಿಲ ಹಲಗೆ ತಿಂಗಳುಗಟ್ಟಲೆ ಉಜ್ಜಿದ ಗುರುತು. ಗಡ್ಡೆಗೆ ಬಂದ ಅಷ್ಟೊಂದು ಸುದ್ದಿಗಳಲ್ಲಿ ಇದೊಂದನ್ನು ಯಾರೂ ಹೇಳಿರಲಿಲ್ಲ.

ಕೊಬ್ಬರಿಎಣ್ಣೆ ಬೆಚ್ಚಗೆ ಮಾಡಿ ಅರಿಷಿಣ ಕಲಸಿ ತಂದು ಹಚ್ಚಿದೆ.

"ಉರಿತೈತೇನೋ ಅಣ್ಣಾ?"

"ಇಲ್ಲಬೇ. ನೀ ಮೊದ್ಲು ಉಂಡಿ ತಿನ್ನು. ಒದ್ದಿ ಆಗಿಲ್ಲ ನೋಡು."

ಒಂದನ್ನು ಬಾಯಿಗಿಟ್ಟೆ. ನಿಜ, ಒಂದು ಹನಿಯೂ ತಾಕಿರಲಿಲ್ಲ. ಇನ್ನೊಂದನ್ನು ಅವನ ಬಾಯಿಗಿಟ್ಟು, ಮತ್ತೆ ಎಣ್ಣೆಯ ಬಟ್ಟಲಿಗೆ ಕೈ ಹಾಕಿದೆ.