ಹಲಗೆಯ ಕೊನೆಯ ಸಾಲು

ಆ ದಿನದ ಅನಾಹುತಕ್ಕೆಲ್ಲ ಮೂಲ ರಾಯ್ಸ್ ಪಿಕೆಟ್‌ನ ಹೆಬ್ಬೆರಳು. ಅದಕ್ಕೆ ಜಿಡ್ಡು ಮೆತ್ತಿತ್ತು. ಬೆರಳಿನ ಒಡೆಯನಿಗೆ ಉಪದೇಶದ ಚಟವಿತ್ತು.

ವೆರ್ಲಿನ್ ಹಾಸ್ಕಿನ್ಸ್ ಬೋರ್ಡು ಬರೆಯುವ ಪೇಂಟರ್. ಹಾಗ್‌ಬ್ಯಾಕ್ ಹಳ್ಳದ ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಮದ್ದು ತುಂಬಿ ಹೊಡೆಯುವ ಹಳೇ ರಿವಾಲ್ವರುಗಳ ಪಂದ್ಯ. ಗೆದ್ದವರ ಹೆಸರನ್ನು ಮರದ ಹಲಗೆಯ ಮೇಲೆ ಬಂಗಾರದ ಬಣ್ಣದಲ್ಲಿ ಬರೆಯುವವನು ಅವನೇ. ಇಪ್ಪತ್ತೆರಡು ಹೆಸರು ಬರೆದಿದ್ದ, ಒಂದೂ ಅವನದಲ್ಲ. ಈಗ ಹಲಗೆಯಲ್ಲಿ ಒಂದೇ ಸಾಲಿನ ಜಾಗ ಉಳಿದಿತ್ತು. ಈ ಬೇಸಿಗೆಯಿಂದ ಅವನ ಕೈಯೂ ನಡುಗತೊಡಗಿತ್ತು. ಬರುವ ವರ್ಷ ಬಂದೂಕಿನ ಮಾತೇ ಬೇಡ ಎಂದಿದ್ದರು ಡಾಕ್ಟರು. ಬೆಳಿಗ್ಗೆ ಯಾರೂ ಬರುವ ಮುಂಚೆ ಅವನು ಆ ಜಾಗವನ್ನು ಅಳೆದು, ತನ್ನ ಹೆಸರು ಹಿಡಿಸುವಂತೆ ಪೆನ್ಸಿಲಿನಲ್ಲಿ ಎರಡು ಗೀಟು ಎಳೆದಿಟ್ಟಿದ್ದ.

ಆಮೇಲೆ ಮೇಜಿನ ಮುಂದೆ ಕೂತ. ಮೊದಲು ರಿವಾಲ್ವರಿನ ಉರುಳೆಯ ಖಾಲಿ ಗೂಡುಗಳ ಮೇಲೆ, ಮದ್ದಿಗೆ ಕಿಡಿ ಕೊಡುವ ಕ್ಯಾಪು ಒಂದೊಂದನ್ನು ಸಿಡಿಸಿ ಒಳಗಿನ ಎಣ್ಣೆ ಸುಟ್ಟ. ಆರು ಗೂಡುಗಳಲ್ಲಿ ಐದನ್ನೇ ತುಂಬುವುದು. ಆರನೆಯದು ಖಾಲಿ, ಕ್ಯಾಪಿಗೆ ಬಡಿಯುವ ಕುದುರೆ ಅಪಾಯವಿಲ್ಲದಂತೆ ಅದರ ಮೇಲೆ ಕೂರಬೇಕು. ಹಿತ್ತಾಳೆ ಅಳತೆಯಲ್ಲಿ ಮದ್ದು ಅಳೆದು ಸುರಿಯತೊಡಗಿದ.

"ಏನಯ್ಯಾ, ಮಗೂಗೆ ಹಾಲು ಕುಡಿಸ್ತಿದ್ದೀಯಾ?" ಪಕ್ಕದ ಸ್ಟೂಲಿನಿಂದ ರಾಯ್ಸ್ ಬಾಯಿ ಹಾಕಿದ. "ಧಾರಾಳವಾಗಿ ಸುರಿ ಮಾರಾಯ!"

"ಕಮ್ಮಿ ಮದ್ದಿಗೇ ಗುರಿ ನೆಟ್ಟಗೆ ಹೋಗೋದು. ಅಲ್ಲದೆ ಮದ್ದು ತುಂಬೋವಾಗ ಮಾತಾಡಿಸಬೇಡಿ ಅಂತ ಗೋಡೆ ಮೇಲೆ ಬರೆದಿದೆ, ನೋಡು. ಬರೆದೋನು ನಾನೇ."

"ಅದು ಹೊಸಬರಿಗೆ," ಎಂದ ರಾಯ್ಸ್. ಅವನ ಕೈ ತನ್ನ ರಿವಾಲ್ವರಿನಲ್ಲಿ, ಕಣ್ಣು ವೆರ್ಲಿನ್‌ನದರಲ್ಲಿ. "ಮದ್ದಿನ ಮೇಲೆ ಜಾಗ ತುಂಬೋಕೆ ಜೋಳದ ರವೆ ಇನ್ನೊಂಚೂರು ಹಾಕು, ಹೀಗೆ. ಗುಂಡು ಓರೆ ಕೂತಿದೆ. ಒತ್ತು, ಇನ್ನೂ ಒತ್ತು."

"ರಾಯ್ಸ್ ಮಾತು ಕೇಳಪ್ಪಾ, ಮೂರು ಸಲ ಗೆದ್ದೋನು," ಎಂದಳು ತೀರ್ಪುಗಾರ್ತಿ ಆಲ್ಮಾ ಟಟಲ್.

ವೆರ್ಲಿನ್ ಹಲ್ಲು ಕಚ್ಚಿಕೊಂಡು, ಗುಂಡನ್ನು ಗೂಡಿಗೆ ತಳ್ಳುವ ಸನ್ನೆ ಒತ್ತಿದ. ಗುಂಡಿನ ಅಂಚಿನಿಂದ ಸೀಸದ ತೆಳುವಾದ ಉಂಗುರ ಕತ್ತರಿಸಿ ಬಿತ್ತು. ಗುಂಡು ಬಿಗಿಯಾಗಿ ಕೂತಿದೆ ಎಂಬುದಕ್ಕೆ ಅದೇ ಗುರುತು. ಐದೂ ಗುಂಡುಗಳ ಮೇಲೆ ಜಿಡ್ಡು ಸವರಿದ.

"ಇಷ್ಟು ಸಾಕಾ? ಒಂದರ ಕಿಡಿ ಇನ್ನೊಂದಕ್ಕೆ ಹಾರಿದ್ರೆ ಐದೂ ಒಟ್ಟಿಗೆ ಸಿಡಿದು ಬೆರಳೇ ಹೋಗುತ್ತೆ!" ರಾಯ್ಸ್ ಜಿಡ್ಡಿನ ಡಬ್ಬಿಗೆ ಹೆಬ್ಬೆರಳು ಅದ್ದಿ ತಾನೇ ಮೆತ್ತಿದ. ಅಷ್ಟಕ್ಕೆ ಬಿಡದೆ, ಮೂಗಿನ ತುದಿಗೆ ಜಾರಿದ್ದ ವೆರ್ಲಿನ್‌ನ ಕನ್ನಡಕವನ್ನು ಅದೇ ಬೆರಳಿನಿಂದ ಮೇಲೆ ತಳ್ಳಿದ.

ವೆರ್ಲಿನ್ ಅದನ್ನು ಅಂಗಿಯ ತುದಿಯಿಂದ ಒರೆಸಿದ್ದಕ್ಕೆ ಜಿಡ್ಡು ಗಾಜಿನ ತುಂಬ ಸಮನಾಗಿ ಹರಡಿಕೊಂಡಿತು. ಅಷ್ಟರಲ್ಲಿ ಆಲ್ಮಾ ಸೀಟಿ ಊದಿಬಿಟ್ಟಳು.

ಎಲ್ಲರೂ ಸಾಲಿಗೆ ನಿಂತು, ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆಗೆ ಹಿಡಿದು, ಕೊನೆಯದಾಗಿ ಕ್ಯಾಪು ಕೂರಿಸಿದರು. ದೂರದ ಗುರಿ ಕಾಗದಗಳ ಕಪ್ಪು ಬೊಟ್ಟು ವೆರ್ಲಿನ್‌ಗೆ ಕಾಣುತ್ತಿತ್ತು, ಕೆಳಗಿನ ಸಂಖ್ಯೆ ಬೆಣ್ಣೆಯಂತೆ ಕರಗಿಹೋಗಿತ್ತು. ತನ್ನದು ಏಳನೆಯದು. ಎಡದಿಂದ ಎಣಿಸತೊಡಗಿದ.

"ಉಸಿರು ಬಿಡು, ಮೊಣಕೈ ಸಡಿಲ ಮಾಡು," ಆರನೆಯ ಜಾಗದಿಂದ ರಾಯ್ಸ್ ಕಿವಿಯಲ್ಲೇ ಕೂತವನಂತೆ ಹೇಳುತ್ತಿದ್ದ. ವೆರ್ಲಿನ್ ಹೇಗೋ ಎಣಿಕೆ ಮುಗಿಸಿ ಗುರಿಯಿಟ್ಟ.

ಆಶ್ಚರ್ಯ, ಕೈ ನಡುಗಲಿಲ್ಲ. ಸಾಲಿಗೆ ಸಾಲೇ ಢಂ ಢಂ ಎನ್ನುತ್ತಿತ್ತು, ಬಿಳಿ ಹೊಗೆ ಕವಿದಿತ್ತು. ಆದರೂ ಐದೂ ಗುಂಡು ಎಲ್ಲಿಗೆ ಹೋದವೆಂದು ಅವನಿಗೆ ಗೊತ್ತಿತ್ತು. ಇಷ್ಟು ವರ್ಷಗಳಲ್ಲಿ ಹಾಗೆ ಹೊಡೆದೇ ಇರಲಿಲ್ಲ.

ಆಲ್ಮಾ ಕಾಗದಗಳನ್ನು ತಂದಳು. "ಆರನೇದು, ರಾಯ್ಸ್. ಐದೂ ಒಂದು ಬಿಸ್ಕತ್ತಿನ ಅಗಲದಲ್ಲಿವೆ! ಏಳನೇದು, ವೆರ್ಲಿನ್..." ಅವಳು ಕಾಗದವನ್ನು ಎರಡೂ ಬದಿ ತಿರುಗಿಸಿದಳು. "ತೊಳೆದಿಟ್ಟ ತಟ್ಟೆ ಇದ್ದಂಗಿದೆ. ಹಕ್ಕಿ ಹೊಡೆಯೋಕೆ ಹೋಗಿದ್ಯೇನಪ್ಪಾ?"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ರಾಯ್ಸ್ ಮಾತ್ರ ತನ್ನ ಕಾಗದವನ್ನು ಅರೆಗಳಿಗೆ ಪೆಚ್ಚಾಗಿ ನೋಡಿದ. ಆಮೇಲೆ ಟೋಪಿ ಎತ್ತಿದ.

ಸ್ವಲ್ಪ ಹೊತ್ತಿಗೆ ಅವನು ಟವೆಲ್ಲಿನಲ್ಲಿ ಸುತ್ತಿದ ರಿವಾಲ್ವರ್ ಹಿಡಿದು ವೆರ್ಲಿನ್‌ನನ್ನು ಷೆಡ್ಡಿನ ಹಿಂದಕ್ಕೆ ಕರೆದ. "ಯಾರಿಗೂ ಹೇಳ್ಬೇಡ. ಐದೂ ಗುಂಡು ಒಳಗೇ ಕೂತಿವೆ. ನಿನಗೆ ಹೇಳ್ಕೊಡ್ತಾ ಹೇಳ್ಕೊಡ್ತಾ ಬರೀ ರವೆ ತುಂಬ್ಬಿಟ್ಟೆ ಮಾರಾಯ, ಮದ್ದು ಹಾಕೋದೇ ಮರ್ತೆ. ಕ್ಯಾಪು ಮಾತ್ರ ಪಟ್ ಪಟ್ ಅಂತು. ತೆಗೆದುಕೊಡು, ನಿನಗೆ ತಾಳ್ಮೆ ಜಾಸ್ತಿ."

"ಮತ್ತೆ ನಿನ್ನ ಕಾಗದದಲ್ಲಿರೋ ತೂತು?"

"ನಿನ್ನವು," ಎಂದ ರಾಯ್ಸ್, ನಾಚಿಕೆಯಿಲ್ಲದೆ. "ಬೇಕಾದ್ರೆ ಹೋಗಿ ಹೇಳು. ಇನ್ನೊಬ್ಬರ ಕಾಗದಕ್ಕೆ ಹೊಡೆದೋನಿಗೆ ಸೊನ್ನೆ. ಅದನ್ನೂ ಗೋಡೆ ಮೇಲೆ ನೀನೇ ಬರೆದಿದ್ದೀಯ."

ವೆರ್ಲಿನ್ ಲೆಕ್ಕ ಹಾಕಿದ. ಬಾಯಿ ಬಿಟ್ಟರೆ ರಾಯ್ಸ್‌ನ ಹೆಸರು ಹೋಗುತ್ತಿತ್ತು, ಆದರೆ ತನ್ನದು ಬರುತ್ತಿರಲಿಲ್ಲ. ರಿವಾಲ್ವರನ್ನು ಹಳ್ಳಕ್ಕೆ ಎಸೆಯಬೇಕೆನ್ನಿಸಿತು. ಆದರೆ ಗುಂಡು ಕಚ್ಚಿಕೊಂಡ ಬಂದೂಕನ್ನು ಹಾಗೇ ಬಿಡುವ ಜಾತಿಯವನಲ್ಲ ಅವನು. ಕ್ಯಾಪು ಕೂರುವ ಮೊಳೆಗಳನ್ನು ಬಿಚ್ಚಿ, ಕಡ್ಡಿಯಿಂದ ರವೆ ಕೆದಕಿ, ಅದೇ ತೂತಿನಿಂದ ಚಿಟಿಕೆ ಚಿಟಿಕೆ ಮದ್ದು ಇಳಿಸಿ, ಮೊಳೆ ತಿರುಗಿಸಿ ಕೂರಿಸಿ, ಹೊಸ ಕ್ಯಾಪು ಇಟ್ಟು, ಐದನ್ನೂ ದಿಬ್ಬಕ್ಕೆ ಹೊಡೆದು ಮುಗಿಸಿದ.

"ಯಾರದು ಈಗ ಹೊಡೀತಿರೋದು?" ಆಲ್ಮಾ ಕೂಗಿದಳು.

"ವೆರ್ಲಿನ್! ಅಭ್ಯಾಸ ಮಾಡ್ತಿದ್ದಾನೆ!" ಎಂದ ರಾಯ್ಸ್. ಮತ್ತೊಂದು ಸಲ ಎಲ್ಲರೂ ನಕ್ಕರು.

ಸಂಜೆ ಹಲಗೆ ಇಳಿಸಿದರು. ಬೆಳಗಿನ ಎರಡು ಗೀಟುಗಳ ನಡುವೆ ರಾಯ್ಸ್ ಪಿಕೆಟ್ ಎಂಬ ಹೆಸರು ಇನ್ನೂ ಆರಾಮವಾಗಿ ಹಿಡಿಸುತ್ತಿತ್ತು. ವೆರ್ಲಿನ್ ಕುಂಚ ಅದ್ದಿದ. ಈಗ ಕೈ ನಡುಗಿತು.

"ಸ್ವಲ್ಪ ದಪ್ಪಕ್ಕೆ ಬರಿ," ಬೆನ್ನ ಹಿಂದಿನಿಂದ ರಾಯ್ಸ್ ಶುರುಮಾಡಿದ. "ಕುಂಚ ಓರೆ ಹಿಡಿ. ಮೊಣಕೈ ಸಡಿಲ ಬಿಡು."

"ಬರೆಯೋವಾಗ ಮಾತಾಡಿಸಬೇಡ."

ರಾಯ್ಸ್ ಗೋಡೆಯ ಕಡೆ ತಿರುಗಿ, ಮೇಲಿಂದ ಕೆಳಗಿನವರೆಗೂ ಓದಿದ.

"ಹಾಗಂತ ಎಲ್ಲೂ ಬರೆದಿಲ್ವಲ್ಲಯ್ಯಾ," ಎಂದ.