ಅಂಗಾಲಿಗೆ ಕೇಳಿಸದ ಹಾಡುಗಳು

ಗಂಗಾನಗರದ ‘ಕಬ್ಬಿಣಕೋಣ’ ಬ್ಯಾಂಡಿನ ಗಾಯಕ ಮಣಿಕಂಠ ಮತ್ತು ಸಂಗಡಿಗರಿಗೆ,

ಮಾನ್ಯರೇ,

ಅಟ್ಟೂರಿನ ಬೋರ್‌ವೆಲ್ ಗುತ್ತಿಗೆದಾರ ಬ್ಯಾಟರಾಯಪ್ಪನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಗಂಟಲು ಪರಮ ಕ್ಷೇಮವಾಗಿದೆಯೆಂದು ಹೊಸ ಆಲ್ಬಮ್‌ನಿಂದ ತಿಳಿಯಿತು; ನನ್ನ ದೂರೂ ಅದೇ.

ಇಷ್ಟು ವರ್ಷ ತಾವು ಹೆವಿ ಮೆಟಲ್ ಎಂಬ ಹೆಸರಿನಲ್ಲಿ ನಡೆಸಿದ ಮಹಾಗರ್ಜನೆಗೆ ಕರಿ ಟೀ ಶರ್ಟ್ ತೊಟ್ಟು, ಮುಂದಿನ ಸಾಲಿನಲ್ಲಿ ತಲೆ ಕೊಡವುತ್ತಿದ್ದ ಏಕೈಕ ತಾತ ನಾನು. ನನ್ನ ರಸಿಕತೆಯನ್ನು ತಾವು ವೇದಿಕೆಯಿಂದಲೇ ಕೊಂಡಾಡಿದ್ದೀರಿ. ಮುಚ್ಚಿಡಲು ಇನ್ನೇನೂ ಉಳಿದಿಲ್ಲವಾದ್ದರಿಂದ ಹೇಳಿಬಿಡುತ್ತೇನೆ: ಬೋರ್ ಲಾರಿಯ ಪಕ್ಕ ನಿಂತೂ ನಿಂತೂ ನನ್ನ ಕಿವಿ ಎಂದೋ ಅಂಗಡಿ ಮುಚ್ಚಿದೆ. ಬಂಡೆ ಸಿಕ್ಕಿತೋ ನೀರು ಸಿಕ್ಕಿತೋ ಎಂಬುದನ್ನು ಅಂಗಾಲಿಗೆ ಬರುವ ನಡುಕದಿಂದಲೇ ತಿಳಿಯುತ್ತೇನೆ. ತಮ್ಮ ಸಂಗೀತವನ್ನೂ ಹಾಗೆಯೇ, ನೆಲದ ಮೂಲಕ ಸವಿಯುತ್ತಿದ್ದೆ. ಲಾರಿಯ ಸದ್ದು ಕೇಳಿಯೇ ನೀರು ಹೇಳುತ್ತೇನೆ, ‘ಬ್ಯಾಟರಾಯಪ್ಪನ ಕಿವಿ ಸುಳ್ಳೇಳಲ್ಲ’ ಎಂಬ ಊರಿನ ನಂಬಿಕೆಯ ಮೇಲೆ ನನ್ನ ವ್ಯಾಪಾರ ನಿಂತಿರುವುದರಿಂದ, ಈ ಗುಟ್ಟನ್ನು ಹೆಂಡತಿ ಸರಳಾಳಿಗೂ ಬಿಟ್ಟುಕೊಡದೆ, ಅವಳೇ ಬಾಯೊಳಗೆ ಗೊಣಗುತ್ತಾಳೆಂದು ಸಂಸಾರದುದ್ದಕ್ಕೂ ಗದರಿಕೊಂಡು ಬಂದ ಮಹಾನುಭಾವ ನಾನು.

ಹೀಗಿರಲಾಗಿ ತಾವು ‘ಹತ್ತಿಯ ಹಾಸಿಗೆ’ ಎಂಬ ಆಲ್ಬಮ್ ಹೊರತಂದಿರಿ. ಗರ್ಜನೆ ಹೋಗಿ ಕೊಳಲು ಬಂತು. ಸಲ್ಮಾನ್ ಸಾಹೇಬರು ಡ್ರಮ್ ಕೋಲು ಕೆಳಗಿಟ್ಟು ಬೆರಳ ತುದಿಯಲ್ಲಿ ಏನನ್ನೋ ಸವರತೊಡಗಿದರು. ಈ ಸಲ ಹಾಡು ಇಂಪಾಗಿದೆಯಂತೆ ಎಂದು ಬಿಡುಗಡೆ ಸಮಾರಂಭಕ್ಕೆ ಸರಳಾ ಮೊದಲ ಬಾರಿಗೆ ಜೊತೆಗೆ ಬಂದಳು. ನೆಲ ಅಲುಗಲಿಲ್ಲ. ಹಾಡು ಎಲ್ಲಿ ಶುರು, ಎಲ್ಲಿ ಕೊನೆ ಎಂಬುದು ತಿಳಿಯದೆ ಅಕ್ಕಪಕ್ಕದವರ ಮುಖ ನೋಡಿಕೊಂಡು ತಲೆದೂಗುತ್ತಿದ್ದೆ. ಅಷ್ಟರಲ್ಲಿ ಎಲ್ಲರೂ ಎದ್ದು ನಿಂತು, ಕಣ್ಣು ಮುಚ್ಚಿ, ತಲೆ ತಗ್ಗಿಸಿದರು. ಭಾರೀ ಹಾಡಿರಬೇಕೆಂದು ನಾನೂ ಎದ್ದು, ಎರಡು ಬೆರಳು ಮೇಲೆತ್ತಿ, ಕೂದಲಿಲ್ಲದ ತಲೆಯನ್ನು ಗರಗರ ಕೊಡವಿ, ‘ಒನ್ಸ್ ಮೋರ್, ಗುರು’ ಎಂದು ಕೂಗಿದೆ. ಅದು ತೀರಿಹೋದ ತಮ್ಮ ಅಜ್ಜಿಗೆ ಸಲ್ಲಿಸುತ್ತಿದ್ದ ಮೌನಾಚರಣೆಯೆಂದು ಆಮೇಲೆ ಗೊತ್ತಾಯಿತು.

ಮನೆಗೆ ಬರುವಾಗ ಆಟೋದಲ್ಲಿ ಸರಳಾ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ತುಟಿ ಬಿಡಿಸಿ ಬಿಡಿಸಿ, ‘ಕೇಳ್ಸಲ್ಲ ಅಂತ ಒಂದ್ ಮಾತು ಹೇಳೋಕಾಗ್ಲಿಲ್ವೇನ್ರೀ? ಇಷ್ಟ್ ವರ್ಷ ನಾನು ಗೋಡೆ ಜೊತೆ ಸಂಸಾರ ಮಾಡ್ದಂಗಾಯ್ತು’ ಎಂದಳು. ಅದಂತೂ ಕಣ್ಣಿಗೇ ಕೇಳಿಸಿತು.

ಆದಕಾರಣ, ಅಂಗಾಲಿನಿಂದ ಕೇಳುವವರಿಗಾಗಿ ಈ ಆಲ್ಬಮ್ಮಿನ ಪ್ರತ್ಯೇಕ ಆವೃತ್ತಿಯೊಂದನ್ನು ತರಬೇಕೆಂದೂ, ಕೊಳಲಿನ ಜಾಗದಲ್ಲಿ ನನ್ನ ಬೋರ್ ಲಾರಿಯನ್ನು ನುಡಿಸಬೇಕೆಂದೂ, ಮುಂದೆ ಮೌನ ಆಚರಿಸುವಾಗಲೆಲ್ಲ ಅದರುದ್ದಕ್ಕೂ ಡ್ರಮ್ ಬಾರಿಸುತ್ತಿರಬೇಕೆಂದೂ, ಸ್ವರ್ಗಸ್ಥ ಅಜ್ಜಿಯವರಲ್ಲಿ ನನ್ನ ಪರವಾಗಿ ಕ್ಷಮೆ ಕೇಳಬೇಕೆಂದೂ ತಮ್ಮಂಥ ಮೃದುಕಂಠರಲ್ಲಿ ಬೇಡಿಕೊಳ್ಳುತ್ತೇನೆ.

ಇಂತು, ಮಾನ ಹೋದರೂ ಮುಂದಿನ ಸಾಲು ಬಿಡದ
ತಮ್ಮ ವಿಶ್ವಾಸಿ,
ಬ್ಯಾಟರಾಯಪ್ಪ

ತಾ.ಕ.: ಸರಳಾ ಹಟ ಹಿಡಿದು ಕಿವಿಗೆ ಯಂತ್ರ ಹಾಕಿಸಿದಳು. ಮೊದಲು ತಮ್ಮ ಹಳೆಯ ಆಲ್ಬಮ್ಮನ್ನೇ ಭಕ್ತಿಯಿಂದ ಕೇಳಿದೆ. ತಾವು ಇಷ್ಟು ಕೆಟ್ಟದಾಗಿ ಹಾಡುತ್ತಿದ್ದರೂ ನನಗೆ ಯಾರೂ ಹೇಳಲಿಲ್ಲವಲ್ಲ ಎಂದು ಕೊರಗಿದೆ. ಸರಳಾ ಹೇಳಿದ್ದಳಂತೆ. ಪ್ರತಿ ಸಲವೂ.