ವಿಮಾನಕ್ಕೆ ಹೊರಟ ಎತ್ತಿನ ಬಂಡಿ

“ಆಕಾಶದಾಗ ಏನರೆ ಆಗ್ಲಿ, ನೆಲದ ಮ್ಯಾಲಿನ ಜಿಮ್ಮೇದಾರಿ ಈ ದೌಲತರಾಯಂದು!”

ಹೀಗೆಂದು ಭೂಸನೂರಿನ ಕಟ್ಟೆಯ ಮೇಲೆ ಕುಳಿತು ಊರ ಗೌಡ ದೌಲತರಾಯರು ಮೀಸೆ ತಿರುವಿದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷ ಊರಿನ ಕಬ್ಬಿಗೆಲ್ಲ ರಸ ಹೀರುವ ಜಿಗಿಹುಳು ಬಿದ್ದಿತ್ತು. ಔಷಧಿ ಸಿಂಪಡಿಸಲು ಸರಕಾರ ಒಂದು ಪುಟ್ಟ ವಿಮಾನ ಕಳಿಸಿತು. ಅದರ ಬೆನ್ನಿಗೆ ಇಬ್ಬರು ಪೈಲಟ್ಟರು: ಪಂಜಾಬಿನ ಕ್ಯಾಪ್ಟನ್ ಸೇಠಿ, ಗೋವೆಯ ಕ್ಯಾಪ್ಟನ್ ಡಿಸೋಜಾ. ವಿಮಾನ ಇಳಿಯಲು ಒಂದು ಬೀಳು ಹೊಲ ಸಪಾಟು ಮಾಡಿದರು. ಪೈಲಟ್ಟರು ಇಳಿಯಲು ದೌಲತರಾಯರ ವಾಡೆಯ ಮೇಲಿನ ಖೋಲಿಯಲ್ಲಿ ಎರಡು ಮಂಚ ಹಾಕಿದರು. ಒಬ್ಬರ ಗೊರಕೆಗೆ ಇನ್ನೊಬ್ಬರು ಎದ್ದು ಕೂರುತ್ತಿದ್ದರು ಎಂಬುದನ್ನು ಬಿಟ್ಟರೆ ವ್ಯವಸ್ಥೆ ಭರ್ಜರಿಯಾಗಿತ್ತು.

ದಿನಾ ನಸುಕಿನಲ್ಲಿ ಸರಕಾರಿ ಜೀಪು ಬಂದು ಇಬ್ಬರನ್ನೂ ವಿಮಾನದ ಹತ್ತಿರ ಬಿಡುತ್ತಿತ್ತು. ನಸುಕಿನಲ್ಲೇ ಹಾರಬೇಕು. ಹೊತ್ತೇರಿ ಗಾಳಿ ಎದ್ದಿತೆಂದರೆ ಔಷಧಿ ಕಬ್ಬಿನ ಮೇಲೆ ಬೀಳದೆ ಯಾರದೋ ರುಮಾಲಿನ ಮೇಲೆ ಬೀಳುತ್ತದೆ! ಊರವರ ಹೊಲಗಳೆಲ್ಲ ಮುಗಿದವು. “ಮೊದಲ ಊರಿನ ಮಂದೀದು, ಕಡೀಕ ನಂದು” ಎಂದು ದೊಡ್ಡಸ್ತಿಕೆ ತೋರಿಸಿದ್ದ ದೌಲತರಾಯರ ಹೊಲವೊಂದೇ ಉಳಿಯಿತು. ಅದನ್ನು ಬಿಟ್ಟರೆ ಹುಳು ಅಲ್ಲಿಂದಲೇ ಮತ್ತೆ ಊರೆಲ್ಲ ಹಬ್ಬುವುದು ಖಂಡಿತ. ಸರಿಯಾಗಿ ಅದೇ ಹೊತ್ತಿಗೆ ಜೀಪು ಆಳಂದದ ದಾರಿಯಲ್ಲಿ ಕೆಟ್ಟು ಕೂತಿತು. ಆಗಲೇ ರಾಯರು ಮೀಸೆಗೆ ಕೈ ಹಾಕಿ, ಪೈಲಟ್ಟರನ್ನು ತಮ್ಮ ಎತ್ತಿನ ಬಂಡಿಯಲ್ಲಿ ಮುಟ್ಟಿಸುವೆನೆಂದು ಸಾರಿದ್ದು.

ಸುದ್ದಿ ಕೇಳಿ ಹೆಂಡತಿ ಕಸ್ತೂರಿಬಾಯಿ, “ಏನ್ರೀ, ನಮ್ಮ ಹಿತ್ತಲ ಬಾಗಲಾ ತೆಗದ್ರ ಎದುರಿಗೇ ವಿಮಾನ ಕಾಣ್ತದ. ತಿಪ್ಪಿ ದಾಟಿ ಬದುವಿನ ಗುಂಟ ನಡದ್ರ ಆತು. ಬಂಡಿ ಯಾಕ ಬೇಕ್ರಿ?” ಎಂದಳು.

“ಏನಂದಿ? ತಿಪ್ಪಿ ದಾಟಿ? ನಮ್ಮ ಮನಿತನದಾಗ ಬಂದ ಮಂದೀನ ಹಿತ್ತಲದಾಗಿಂದ ಕಳಿಸಿದ್ದು ಅದ ಏನು? ಆ ಬಾಗಲಾದಾಗ ಎಮ್ಮಿ ಹೋಗ್ತಾವ, ಇಲ್ಲಾಂದ್ರ ಕಳ್ಳರು ಹೋಗ್ತಾರ! ದೊಡ್ಡ ಬಾಗಲಾದಿಂದ ಬಂದವರು ದೊಡ್ಡ ಬಾಗಲಾದಿಂದೇ ಹೋಗಬೇಕು. ನಾನೇ ಖುದ್ದ ಬಂಡಿ ಹೊಡೀತೇನಿ!”

“ನೀವು ಹೊಡೀತೀರಿ? ಹಂಗಾರ ಕಬ್ಬಿನ ಆಸೆ ಬಿಡ್ರಿ,” ಎಂದು ಕಸ್ತೂರಿಬಾಯಿ ರೊಟ್ಟಿ ಬಡಿಯಲು ಹೋದಳು.

ಮರುದಿನ ನಸುಕಿನಲ್ಲಿ ಗಾದಿ, ಲೋಡು ಹಾಕಿದ ಬಂಡಿಯಲ್ಲಿ ಕ್ಯಾಪ್ಟನ್ನರು ಬೂಟು ಹಾಕಿಕೊಂಡು ಕುಳಿತರು. ಕುಳಿತೇ ಇದ್ದರು. ಸ್ನಾನ, ವಿಭೂತಿ, ಲಿಂಗಪೂಜೆ ಮುಗಿಯದೆ ರಾಯರು ಹೊಸ್ತಿಲು ದಾಟುವವರಲ್ಲ. ಪೂಜೆ ಮುಗಿಸಿ, ರುಮಾಲು ಸುತ್ತಿ, ಕನ್ನಡಿ ನೋಡಿ, ಮತ್ತೆ ರುಮಾಲು ಸುತ್ತಿ, ರಾಯರು ಬಂಡಿಯ ಮುಂದಿನ ಮೂಕಿಯ ಮೇಲೆ ಕುಳಿತು ಹಗ್ಗ ಹಿಡಿದರು. ಗೆಜ್ಜೆ ಗಲ್ ಎಂದಿತು. ಇಂಥ ಮೆರವಣಿಗೆ ಯಾವ ದೊಡ್ಡ ಊರಿನ ಪೈಲಟ್ಟರಿಗೂ ಸಿಕ್ಕಿರಲಿಕ್ಕಿಲ್ಲ!

ಆದರೆ ಎತ್ತುಗಳಿಗೂ ಒಂದು ರೂಢಿ ಇತ್ತು. ರಾಯರು ಬಂಡಿ ಹೂಡಿದರೆಂದರೆ ದಾರಿಯಲ್ಲಿ ಯಾರ ಮನೆಯಲ್ಲಿ ಚಹಾ, ಯಾರ ಕಟ್ಟೆಯ ಮೇಲೆ ಹರಟೆ ಎಂಬುದು ಅವಕ್ಕೆ ಬಾಯಿಪಾಠವಾಗಿತ್ತು. ಮೊದಲು ಅವು ಭಾವಮೈದುನ ಶಿವರಾಯನ ಬಾಗಿಲಲ್ಲಿ ನಿಂತವು. ರಾಯರು “ಹೋಯ್! ಹೋಯ್!” ಎಂದು ಬಾಲ ತಿರುವಿದರು. ಎತ್ತು ಕಣ್ಣು ಮುಚ್ಚಿ ಮೆಲುಕು ಹಾಕಿತು. ಬಂಡಿ ನಿಂತಮೇಲೆ ಮನೆಯವರು ಸುಮ್ಮನಿರುತ್ತಾರೆಯೇ?

“ಬಾಗಲಕ ಬಂದು ಹಂಗೇ ಹೋಗ್ತೀರಿ? ನಾವೇನ ತಪ್ಪ ಮಾಡೀವ್ರಿ ಭಾವ?” ಎಂದ ಶಿವರಾಯ. ಒಳಗೆ ಮಂಡಕ್ಕಿಯ ಸುಸಲಾ, ಚಹಾ ಆಯಿತು.

ಮುಂದೆ ಮೆಹರಾಜಬೇಗಂ ಮನೆ. ಎತ್ತುಗಳು ನಿಂತವು. ಆಕೆ ಪರದೆ ಸರಿಸಿ, “ಹವಾಯಿ ಜಹಾಜಿನ ಸಾಹೇಬ್ರು ಉಪಾಶಿ ಹೋಗಾಕತ್ತಾರ? ತೋಬಾ ತೋಬಾ!” ಎಂದು ಪರಾಠ, ತತ್ತಿ ತಂದೇಬಿಟ್ಟಳು. ರಾಯರು ಬರೀ ಚಹಾ ಕುಡಿದು ಹೊರಗೆ ಕುಳಿತು ಆಕಾಶ ನೋಡಿದರು. ಬೇವಿನ ಎಲೆ ಅಲ್ಲಾಡಿದಂತೆ ಕಂಡಿತು. ಗಡಬಡಿಸಿ ಎದ್ದರು.

“ಇನ್ನ ಎಲ್ಲೂ ನಿಂದ್ರಂಗಿಲ್ಲ! ಬಿಲ್ಕುಲ್ ಇಲ್ಲ!” ಎಂದು ಕ್ಯಾಪ್ಟನ್ನರಿಗೆ ಮಾತು ಕೊಟ್ಟು ಹೊರಟರು. ಎತ್ತುಗಳು ತಾವಾಗಿಯೇ ಬೇರೆ ಓಣಿಗೆ ಹೊರಳಿದವು, ಬಂಡಿ ಹೋಗಿ ದಾಯಾದಿ ಬಸವಂತರಾಯನ ಬಾಗಿಲಲ್ಲಿ ನಿಂತಿತು!

ರಾಯರು ಗಡಬಡಿಸಿ ಹಗ್ಗ ಜಗ್ಗಿದರು. ಬದುವಿನ ಜಗಳವಾಗಿ ಆ ಮನೆಗೂ ಈ ಮನೆಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ಅದಕ್ಕೂ ಮೊದಲು ದಿನಾ ಸಂಜೆ ಅಲ್ಲಿ ನಿಲ್ಲುತ್ತಿದ್ದ ಬಂಡಿ ಅದು. ಜಗಳವಾದಮೇಲೆ ರಾಯರು ಆ ಓಣಿಗೇ ಬಂಡಿ ತಂದಿರಲಿಲ್ಲ. ಜಗಳದ ಸುದ್ದಿಯನ್ನು ಎತ್ತುಗಳಿಗೆ ಯಾರೂ ತಿಳಿಸಿರಲಿಲ್ಲ.

ಬಸವಂತರಾಯ ಹೊರಗೆ ಬಂದ. ಬಂಡಿ ನೋಡಿದ, ಅಣ್ಣನನ್ನು ನೋಡಿದ. “ಅಣ್ಣಾ, ಕಡೀಕೂ ಬಂದ್ಯಲ್ಲೋ!” ಎಂದು ಬಂದು ತಬ್ಬಿಕೊಂಡ. ‘ನಾನು ಬಂದಿಲ್ಲ, ಎತ್ತು ಬಂದಾವ’ ಎಂದು ಹೇಳುವ ಕಲ್ಲೆದೆ ರಾಯರದಲ್ಲ. ಅವರ ಕಣ್ಣೂ ಒದ್ದೆಯಾಯಿತು. ನಿಜಕ್ಕೂ ಸಂತೋಷವಾಯಿತು.

“ಹೋಳಿಗಿ ಉಣ್ಣದ ಹೋದ್ರ ನನ್ನಾಣಿ!” ಎಂದ ಬಸವಂತರಾಯ. ಕಡಲೆಬೇಳೆಯನ್ನು ಆಗಷ್ಟೇ ಒಲೆಯ ಮೇಲೆ ಇಟ್ಟರು.

ಬೇಳೆ ಬೆಂದು, ಹೂರಣ ರುಬ್ಬಿ, ತುಪ್ಪ ಸುರಿದು, ಊಟ ಮುಗಿಸಿ ಬಂಡಿ ವಿಮಾನದ ಹೊಲ ಮುಟ್ಟಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಕ್ಯಾಪ್ಟನ್ ಡಿಸೋಜಾ ಲೋಡಿಗೆ ಒರಗಿ ನಿದ್ದೆ ಹೋಗಿದ್ದರು. ಗಾಳಿ ನೋಡಲು ಕಂಬಕ್ಕೆ ಕಟ್ಟಿದ್ದ ಬಟ್ಟೆಯ ಚೀಲ ಉಬ್ಬಿ ಪಟಪಟ ಬಡಿಯುತ್ತಿತ್ತು. ಕ್ಯಾಪ್ಟನ್ ಸೇಠಿ ಅದನ್ನು ನೋಡಿದರು, ಹೊಟ್ಟೆ ಸವರಿಕೊಂಡರು, ತಲೆ ಆಡಿಸಿದರು. ಇವತ್ತು ಆಗದು. ನಾಳೆ ನಸುಕಿನಲ್ಲಿ ಹಾರಿದರೆ ಹಾರಿದಂತೆ, ಇಲ್ಲವಾದರೆ ವಿಮಾನ ಅಫಜಲಪುರಕ್ಕೆ ಹೋಗಬೇಕು. ಹುಕುಂ ಬಂದಿತ್ತು.

ಸಂಜೆ ರಾಯರು ಯಾರ ಮುಖವನ್ನೂ ನೋಡಲಿಲ್ಲ. ಊರಿನ ಕಬ್ಬು ತನ್ನೊಬ್ಬನ ದೊಡ್ಡ ಬಾಗಿಲಿನಿಂದ ಹಾಳಾದೀತೆಂಬ ಭಯ ಅವರನ್ನು ನಿಜವಾಗಿ ಹಿಡಿದಿತ್ತು. ಆದರೂ ಬಿಟ್ಟಾರೆಯೇ? “ನಾಳಿಗಿ ಎತ್ತಿನ ಕಣ್ಣಿಗಿ ಅರಿವಿ ಕಟ್ತೇನಿ!” ಎಂದರು.

ಕಸ್ತೂರಿಬಾಯಿ ಚಹಾದ ತಂಬಿಗೆ ಬೆಳಗಿ ಹಿತ್ತಲ ಬಾಗಿಲ ಹತ್ತಿರ ಇಟ್ಟಳು.

ಮರುದಿನ ನಸುಕಿನಲ್ಲಿ ರಾಯರು ಪೂಜೆಗೆ ಕುಳಿತರು. ಅಂಗೈಯಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಮಾತಾಡುವಂತಿಲ್ಲ, ಏಳುವಂತಿಲ್ಲ. ಅಷ್ಟರಲ್ಲಿ ಮಾಳಿಗೆಯ ಮೇಲೆಯೇ ಗುರ್‍ರ್ ಎಂದು ಸದ್ದು! ರಾಯರ ಒಂದು ಕಣ್ಣು ತೆರೆಯಿತು. ಪೈಲಟ್ಟರು ಮೇಲಿನ ಖೋಲಿಯಲ್ಲಿ ಮಲಗಿದ್ದಾರೆ, ವಿಮಾನ ಹಾರಿಸುತ್ತಿರುವವರು ಯಾರು? ಸದ್ದು ಮತ್ತೆ ಬಂತು, ಮತ್ತೆ ಹೋಯಿತು. ಇನ್ನೊಂದು ಕಣ್ಣೂ ತೆರೆಯಿತು. ಶಿವನೂ ಆವತ್ತು ಅವರ ಪೂಜೆಯನ್ನು ರಿಯಾಯಿತಿಯಲ್ಲಿ ಒಪ್ಪಿಕೊಂಡಿರಬೇಕು, ಅಷ್ಟು ಬೇಗ ಮುಗಿಯಿತು.

ಓಡಿಬಂದರೆ, ಕಸ್ತೂರಿಬಾಯಿ ಕೆಸರುಗಾಲಲ್ಲಿ, ಖಾಲಿ ಚಹಾ ತಂಬಿಗೆ ಹಿಡಿದು ಹಿತ್ತಲಿನಿಂದ ಒಳಗೆ ಬರುತ್ತಿದ್ದಳು.

“ಎಲ್ಲಿಗಿ ಹೋಗಿದ್ದಿ ಬೇ?”

“ಸಾಹೇಬ್ರನ್ನ ಬಿಟ್ಟು ಬಂದೇನ್ರಿ. ನೀವು ಸ್ನಾನಕ್ಕ ಹೋದಾಗೇ.”

“ತಿಪ್ಪಿ ದಾಟಿಸಿ?”

“ತಿಪ್ಪಿ ದಾಟಿಸಿ.”

“ನಮ್ಮ ಮನಿತನದ ಇಜ್ಜತ್ ಏನಾತು?”

“ಅದು ದೊಡ್ಡ ಬಾಗಲಾದಾಗೇ ಕುಂತದ್ರಿ, ನಿಮ್ಮ ದಾರಿ ನೋಡಾಕತ್ತದ. ನಾ ಕಬ್ಬಿನದಷ್ಟು ನೋಡೇನಿ.”

ಗಾಳಿ ಏಳುವ ಮೊದಲೇ ರಾಯರ ಹೊಲ ಔಷಧಿಯಲ್ಲಿ ತೊಯ್ದು ನಿಂತಿತ್ತು. ನೋಡಲು ಬಂದ ಮಂದಿ, “ಗೌಡ್ರ ಬಂದೋಬಸ್ತ್ ಅಂದ್ರ ಬಂದೋಬಸ್ತ್!” ಎಂದು ಹೊಗಳಿದರು. ರಾಯರ ಮೀಸೆ ತಾನಾಗಿ ಮೇಲೆದ್ದಿತು. ಗಂಟು ಕಟ್ಟಿಕೊಳ್ಳಲು ಕ್ಯಾಪ್ಟನ್ನರು ವಾಡೆಗೆ ಬಂದಾಗ ಅವರು ಊರವರೆದುರಿಗೇ ಕೈಯೆತ್ತಿ ಹೇಳಿದರು:

“ಫಿಕರ್ ಮಾಡಬ್ಯಾಡ್ರಿ ಸಾಹೇಬ್ರ. ಅಫಜಲಪುರದಾಗ ನೀವು ಇಳಿಯೋದು ನಮ್ಮ ಬೀಗರ ಚಂದ್ರಾಮಪ್ಪನ ಮನ್ಯಾಗ. ಅವರ ಬಂಡಿ ನಮ್ಮದಕ್ಕಿಂತಾ ದೊಡ್ಡದು. ಈಗೇ ಚಿಟ್ಟಿ ಕಳಿಸ್ತೇನಿ!”

ಕ್ಯಾಪ್ಟನ್ ಸೇಠಿಯ ಮುಖ ಬಿಳಿಚಿತು. ಹಿಂದಿಯಲ್ಲಿ, ಆದರೆ ಊರಿಗೆಲ್ಲ ತಿಳಿಯುವಂತೆ, ಕಸ್ತೂರಿಬಾಯಿಯ ಕಡೆ ತಿರುಗಿ ಎರಡೂ ಕೈ ಮುಗಿದು ಹೇಳಿದರು:

“ತಾಯಿ, ಆ ಮನೆಯ ಯಜಮಾನರಿಗೆ ಬೇಡ. ದಯಮಾಡಿ ಯಜಮಾನಿಗೆ ಒಂದು ಚಿಟ್ಟಿ ಬರೆಸಿಕೊಡಿ.”